ಹಸುವಿನ ಬಾಣಂತನ

ನಮ್ಮ ರಾಣಿಗೆ ಯಾರ ದೃಷ್ಟಿಯೂ ತಾಗಿರಲಿಲ್ಲ. ಅದನ್ನು ಕೆಡಿಸಿದ್ದು ನನ್ನ ಕೈ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮೂರು ಸಾಸಲು ಸುತ್ತಮುತ್ತ ಈ ಕಥೆ ಬೇರೆ ಥರ ಓಡಾಡುತ್ತಿದೆ, ಓಡಾಡಲು ಬಿಟ್ಟವಳೂ ನಾನೇ.

ರಾಣಿ ಎಂದರೆ ನಮ್ಮ ಸೀಮೆಹಸು. ಎರಡನೆಯ ಸಲ ಕರು ಹಾಕಿತು, ಹೆಣ್ಣುಗರು. ನಾನು ಆರು ಬಾಣಂತನ ಮಾಡಿದ ಹೆಂಗಸು. ನನ್ನ ಕೈಯ ಊಟ ಉಂಡ ಬಾಣಂತಿಯರಲ್ಲಿ ಇಬ್ಬರ ಪಕ್ಕ ಇವತ್ತಿಗೂ ಆಟೋದಲ್ಲಿ ಮತ್ತೊಬ್ಬರು ಕೂರಲಾಗುವುದಿಲ್ಲ. ಹಾಗಿರುವಾಗ ಹಸುವಿನ ಬಾಣಂತನ ಏನು ಮಹಾ? ದೊಡ್ಡ ಪಾತ್ರೆ ತುಂಬ ಅನ್ನ ಬೇಯಿಸಿ, ರಾಗಿ ಗಂಜಿ ಬೆರೆಸಿ, ಎರಡು ಅಚ್ಚು ಬೆಲ್ಲ ಹಾಕಿ ಬಾನಿ ತುಂಬಿಸಿದೆ. ರಾಣಿ ತಳ ನೆಕ್ಕಿತು. ಸಂಜೆಗೆ ಇನ್ನೊಂದು ಬಾನಿ ಇಟ್ಟೆ.

ಸೊಸೆ ಮಂಗಳ ಡೇರಿಯವರ ತರಬೇತಿಗೆ ಹೋಗಿಬಂದವಳು. "ಅತ್ತೆ, ಒಂದೇ ಸಲಕ್ಕೆ ಇಷ್ಟು ಬೇಡ. ನಿಧಾನಕ್ಕೆ ಏರಿಸ್ಬೇಕಂತೆ" ಎಂದಳು.

"ನಿನ್ನ ಬಾಣಂತನದಲ್ಲಿ ನಿಧಾನಕ್ಕೆ ಏರಿಸಿದ್ನಾ?"

"ಅದಕ್ಕೇ ಹೇಳ್ತಿರೋದು" ಎಂದು ತನ್ನ ಸೊಂಟ ನೋಡಿಕೊಂಡು ಒಳಗೆ ಹೋದಳು.

ಬೆಳಗಾದರೆ ರಾಣಿ ಮೆಲುಕು ಹಾಕುತ್ತಿಲ್ಲ. ನೀರಿನಂಥ ಸಗಣಿ, ಹುಳಿ ನಾತ. ನಿಂತರೆ ತೂರಾಟ. ಕರು ಗುದ್ದಿ ಗುದ್ದಿ ಚೀಪಿದರೂ ಕೆಚ್ಚಲಲ್ಲಿ ಹಾಲಿಲ್ಲ. ನನಗೆ ತಟ್ಟನೆ ನೆನಪಾದದ್ದು ಬಾನಿಯಲ್ಲ, ಪಕ್ಕದ ಮನೆ ಲಕ್ಕಮ್ಮ. ಹಿಂದಿನ ದಿನ ಕರು ನೋಡಲು ಬಂದು, "ಅಕ್ಕಾ, ಎಂಥಾ ಕೆಚ್ಚಲು!" ಎಂದಿದ್ದಳು. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಬಿದ್ದಿದೆ ಎಂದೇ ಲೆಕ್ಕ. ಮೆಣಸಿನಕಾಯಿ ಎರಡು ವರ್ಷದ ಹಳತು ಎಂಬುದು ಗೊತ್ತಿತ್ತು, ಆದರೆ ಆ ಹೊತ್ತಿಗೆ ಆ ವಿಷಯ ನನಗೆ ಬೇಕಿರಲಿಲ್ಲ. ಬೀದಿಗೆ ಬಂದು, "ಕೆಲವರ ಕಣ್ಣು ಸುಮ್ನಿರಲ್ಲ ಕಣ್ರಮ್ಮ, ಇನ್ನೊಬ್ಬರ ಕೆಚ್ಚಲು ನೋಡಿದ್ರೆ ಉರೀತದೆ" ಎಂದು ಗೋಡೆಯಾಚೆಗೂ ಕೇಳುವಂತೆ ಹೇಳಿದೆ.

ಅಷ್ಟರಲ್ಲಿ ಮಂಗಳ ಫೋನು ಮಾಡಿ ದನದ ಡಾಕ್ಟ್ರಮ್ಮನನ್ನು ಕರೆಸಿದ್ದಳು. ಆಕೆ ರಾಣಿಯ ಎಡ ಪಕ್ಕೆಗೆ ಮುಷ್ಟಿ ಒತ್ತಿ ನೋಡಿ, "ಅಜ್ಜಿ, ಏನು ತಿನ್ನಿಸಿದ್ರಿ?" ಎಂದಳು.

"ಹುಲ್ಲು."

ಮಂಗಳ ಕೆಮ್ಮಿದಳು.

"ಸ್ವಲ್ಪ ಅನ್ನ."

ಎರಡನೆಯ ಕೆಮ್ಮಿಗೆ ಬೆಲ್ಲವೂ ಹೊರಬಂತು.

"ಹಸು ಹೊಟ್ಟೇಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವೆ ಅಜ್ಜಿ. ಹುಲ್ಲು ಅರಗಿಸೋದು ಅವೇ. ಕರು ಹಾಕಿದಾಗ ಮೇವು ಬದಲಾದ್ರೆ ಹೊಂದ್ಕೊಳ್ಳೋಕೆ ಅವಕ್ಕೆ ದಿನಗಟ್ಟಲೆ ಬೇಕು. ನೀವು ಒಂದೇ ದಿನ ಅನ್ನ ಬೆಲ್ಲ ಸುರಿದ್ರಿ. ಹೊಟ್ಟೆಯೆಲ್ಲ ಹುಳಿಯಾಗಿ ಅವು ಸತ್ತಿವೆ."

ಒಂದು ಬಾಣಂತಿಯನ್ನು ಸಾಕಲು ಹೋಗಿ ಕೋಟಿ ಜೀವ ತೆಗೆದಿದ್ದೆ. "ಬದುಕ್ತದಾ?" ಎಂದೆ.

"ಈಗಲೇ ಹೇಳೋಕಾಗಲ್ಲ. ಹುಳಿ ಇಳಿಯೋಕೆ ಅಡುಗೆ ಸೋಡಾ ಕುಡಿಸ್ತೀನಿ, ಬಾಟಲು ಏರಿಸ್ತೀನಿ. ಆದ್ರೆ ಚೆನ್ನಾಗಿರೋ ಇನ್ನೊಂದು ಹಸು ಹೊಟ್ಟೆಯಿಂದ ರಸ ತೆಗೆದು ಇದಕ್ಕೆ ಹಾಕ್ಬೇಕು, ಅದರಲ್ಲಿ ಆ ಜೀವಿಗಳಿರ್ತವೆ. ಹತ್ತಿರದಲ್ಲಿ ಯಾರ ಮನೇಲಿದೆ?"

ನಮ್ಮ ಬೀದಿಯಲ್ಲಿ ಮಿಕ್ಕವರೆಲ್ಲ ಹಸು ಮಾರಿ ಪ್ಯಾಕೆಟ್ ಹಾಲಿಗೆ ಬಂದಿದ್ದಾರೆ. ಇದ್ದದ್ದು ಒಂದೇ ಹಸು, ಲಕ್ಕಮ್ಮನದು.

ಹೋದೆ. ಅವಳು ಬಾಗಿಲಲ್ಲೇ ನಿಂತಿದ್ದಳು. "ಏನಕ್ಕಾ, ಕಣ್ಣು ಕೀಳೋಕೆ ಬಂದ್ಯಾ?"

"ನಿನ್ನ ಹಸು ಹೊಟ್ಟೆ ಒಳಗಿಂದು ಬೇಕು."

"ನನ್ನ ಕಣ್ಣು ಕೆಟ್ಟದ್ದು, ನನ್ನ ಹಸು ಹೊಟ್ಟೆ ಒಳ್ಳೇದಾ?"

ಲಕ್ಕಮ್ಮ ತನ್ನ ಮಾತನ್ನು ತಾನೇ ಒಂದು ಸಲ ಚಪ್ಪರಿಸಿ, ಆಮೇಲೆ ತಾನೇ ತನ್ನ ಹಸುವಿನ ಮೂಗುದಾರ ಬಿಗಿಯಾಗಿ ಹಿಡಿದಳು. ಡಾಕ್ಟ್ರಮ್ಮ ಕೊಳವೆ ಇಳಿಸಿ ಹಸಿರು ರಸ ತೆಗೆದಳು. ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ರಾಣಿಯ ಹೊಟ್ಟೆಗೆ ಇಳಿಸಿದೆವು. ಸಂಜೆ ರಾಣಿ ಒಣ ರಾಗಿಹುಲ್ಲಿನ ಎರಡು ಎಸಳು ಕಚ್ಚಿ, ತುಂಬಾ ಹೊತ್ತಿನ ಮೇಲೆ ಮೆಲುಕು ಹಾಕಿತು. ಲಕ್ಕಮ್ಮ ಅಲ್ಲಿಯವರೆಗೂ ಕದಲದೆ ಕೂತಿದ್ದಳು.

ತಪ್ಪಾಯ್ತು ಎನ್ನುವುದು ನನ್ನ ಬಾಯಿಗೆ ರೂಢಿಯಿಲ್ಲ. ಮಾರನೆಯ ಬೆಳಗ್ಗೆ ಲಕ್ಕಮ್ಮನ ಕೊಟ್ಟಿಗೆಗೆ ಹೋಗಿ ಕಸ ಬಾಚಿ, ಗಂಜಲದ ಕಾಲುವೆ ತೊಳೆದು, ಸಗಣಿಯನ್ನು ಬುಟ್ಟಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ಇಡೀ ಬೀದಿಯ ಮುಂದೆ ನಡೆದುಬಂದೆ. ಕೇಳಿದವರಿಗೆಲ್ಲ "ಲಕ್ಕಮ್ಮನ ಕೊಟ್ಟಿಗೆ ಬಾಚ್ದೆ, ಏನೀಗ?" ಎಂದೆ. ಸಗಣಿಯನ್ನು ಮಾತ್ರ ನಮ್ಮ ತಿಪ್ಪೆಗೇ ಹಾಕಿಕೊಂಡೆ.