ಸಾಕು ಎನ್ನದ ಮಾವ

ನನ್ನ ಸೋದರಮಾವನ ಬಾಯಿಂದ ‘ಸಾಕು’ ಎಂಬ ಮಾತು ಕೇಳಿದವರು ಮೊನ್ನೆಯವರೆಗೂ ಬಳ್ಳಾರಿ ಜಿಲ್ಲೆಯಲ್ಲೇ ಇರಲಿಲ್ಲ. ಕೇಳಿದ್ದೇವೆ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು! ಸಿರುಗುಪ್ಪಕ್ಕೆ ಹೆಣ್ಣು ನೋಡಲು ಹೋದ ಮಾವ ತಟ್ಟೆಯ ಉಪ್ಪಿಟ್ಟು ಖಾಲಿ ಮಾಡಿ, ಹುಡುಗಿಯನ್ನು ಬಿಟ್ಟು ಅಡುಗೆಮನೆಯ ಕಡೆಗೇ ನೋಡುತ್ತಾ ಕೂತಿದ್ದರಂತೆ. “ಇನ್ನೊಂದ್ ಚೂರು ಹಾಕ್ಲೇನ್ರಿ?” ಎಂದು ಕೊನೆಗೆ ಹುಡುಗಿಯೇ ಕೇಳಿದಳು. “ಹಾಕ್ರಿ” ಎಂದರು. ಮದುವೆಯ ಮಾತುಕತೆ ಅಷ್ಟೇ! ಆ ಹುಡುಗಿಯೇ ನಮ್ಮ ಅತ್ತೆ.

ಒಮ್ಮೆ ಕುರುಗೋಡಿನ ಮದುವೆಮನೆಯೊಂದರಲ್ಲಿ ಮಿರ್ಚಿ ಬಜ್ಜಿ ತಿನ್ನುವ ಪಂದ್ಯ ಕಟ್ಟಿದರು. ತಟ್ಟೆಯಲ್ಲಿ ಉಳಿದ ಮೆಣಸಿನಕಾಯಿ ತೊಟ್ಟು ಎಣಿಸಿ ಗೆದ್ದವರನ್ನು ಹೇಳುವುದು. ಉಳಿದವರ ಮುಂದೆ ತೊಟ್ಟಿನ ರಾಶಿ. ಮಾವನ ತಟ್ಟೆ ಮಾತ್ರ ತೊಳೆದಿಟ್ಟ ಹಾಗಿತ್ತು. ತೊಟ್ಟನ್ನೂ ತಿಂದಿದ್ದರು! ಬಂದದ್ದು ಕೊನೆಯ ಸ್ಥಾನ. ಇಂಥವರಿಗೆ ಬುದ್ಧಿ ಹೇಳುವವರಾದರೂ ಯಾರು?

ಈಗ ಸತ್ಯನಾರಾಯಣಪೇಟೆಯ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಎರಡು ತಿಂಗಳಿಂದ ಅನ್ನ ಕಂಡರೆ ಮುಖ ತಿರುಗಿಸುತ್ತಾರೆ. ಹೊಟ್ಟೆಗೆ ಏನಾದರೂ ಹೋದರೆ ಉಳಿಯುತ್ತಾರೆ, ಇಲ್ಲದಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟರು. ಇಂಥ ಹೊತ್ತಿನಲ್ಲಿ ಮಾವ ಏನು ಮಾಡಬೇಕು? ಮಂಚದ ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಜಪಾನಿ ಧಾರಾವಾಹಿ ನೋಡುತ್ತಾರೆ! ಅದೂ ಎಂಥದ್ದು? ಊಟದ ಪಂದ್ಯದ್ದು! ಸಣಕಲ ಹುಡುಗನೊಬ್ಬ ಬಟ್ಟಲುಗಟ್ಟಲೆ ನೂಡಲ್ಸ್ ಎಳೆದುಕೊಳ್ಳುತ್ತಾನೆ. ಭಾಷೆ ಬಾರದಿದ್ದರೂ ಮಾವ ಅವನನ್ನು ಬೈಯುತ್ತಾರೆ.

“ನಡುನಡುವೆ ನೀರು ಕುಡಿಬ್ಯಾಡಲೇ, ಹೊಟ್ಟಿ ತುಂಬತೈತಿ! ಉಪ್ಪಿನಕಾಯಿ ಇಲ್ದ ಇದೆಂಥಾ ಪೋಟಿ?”

ಉಣ್ಣುವ ಮುಂಚೆ ಜಪಾನಿನವರು ಕೈಮುಗಿಯುವುದನ್ನು ಕಂಡು ಇವರೂ ತಟ್ಟೆಗೆ ಕೈಮುಗಿಯಲು ಶುರುಮಾಡಿದರು.

“ತಟ್ಟಿಗೆ ಮುಗಿತಾರ ನೋಡು,” ಎಂದರು ಅತ್ತೆ ನನಗೆ. “ನಲವತ್ತು ವರ್ಷ ಬಡಿಸಿದಾಕಿಗೆ ಒಮ್ಮೆನೂ ಮುಗಿಲಿಲ್ಲ.”

ಒಂದು ದಿನ ಮಾವ ಎರಡು ಬಟ್ಟಲು ಗಂಜಿ ತಂದಿಟ್ಟು, “ನಾವೂ ಪೋಟಿ ಹಚ್ಚೋಣು ಬಾ” ಎಂದು ಅತ್ತೆಯನ್ನು ಕರೆದರು. ತೀರ್ಪು ಹೇಳಲು ಗಾಂಧಿನಗರದ ನಮ್ಮ ಮನೆಯಿಂದ ನಾನು ಹೋಗಬೇಕು! ಅತ್ತೆ ನಕ್ಕು ಒಂದು ಚಮಚ ಬಾಯಿಗಿಡುವುದರೊಳಗೆ ಈ ಮಹಾನುಭಾವರು ಬಟ್ಟಲು ಬರಿದು ಮಾಡಿ, “ಗೆದ್ದೆ!” ಎಂದು ಕೂಗಿದರು. ಅತ್ತೆ ಚಮಚ ಕೆಳಗಿಟ್ಟರು. ನಾನು ತಲೆ ಚಚ್ಚಿಕೊಂಡೆ.

“ಮಾಮ, ನೀವು ಸೋಲಬೇಕ್ರಿ!”

“ಹೆಂಗ ಸೋಲೋದಲೇ? ಬಾಯಾಗ ಇಟ್ಟರ ತಾನ ಇಳಿತೈತಿ!”

ಕೊನೆಗೂ ಸೋಲುವುದನ್ನು ಕಲಿತರು. ಒಂದು ಚಮಚ ಗಂಜಿಯನ್ನು ಕಾಲು ಗಂಟೆ ಬಾಯಲ್ಲಿ ಹಿಡಿದು ಕೂರುತ್ತಿದ್ದರು. ಅತ್ತೆ ಮೊದಲ ದಿನ ಐದು ಚಮಚ ಉಂಡು ಗೆದ್ದರು. ಆಮೇಲೆ ಮೂರು ಉಂಡು. ಆಮೇಲೆ ಎರಡು. ಗೆದ್ದವರನ್ನು ನೋಡಿ ನನಗೆ ಅಳು ಬರುತ್ತಿತ್ತು. ಇದು ಆಟವಲ್ಲ ಎಂದು ಮೂವರಿಗೂ ಗೊತ್ತಿತ್ತು.

ಮೊನ್ನೆ ಮಧ್ಯಾಹ್ನ ಅತ್ತೆ ಬಾಯಿ ತೆರೆಯಲೇ ಇಲ್ಲ. ಮಾವ ತಮ್ಮ ಬಟ್ಟಲನ್ನೂ ಮುಟ್ಟಲಿಲ್ಲ. “ಇವತ್ತು ಇಬ್ರೂ ಸಮ” ಎಂದರು. ಮೊಬೈಲಿನಲ್ಲಿ ಆ ಸಣಕಲ ಹುಡುಗ ಉಣ್ಣುತ್ತಲೇ ಇದ್ದ.

ಅತ್ತೆ ಮಾವನ ತುಂಬಿದ ಬಟ್ಟಲನ್ನೇ ನೋಡಿದರು. “ಮುಂಜಾನಿಂದ ಏನೂ ತಿಂದಿಲ್ಲೇನ್ರಿ?”

ಮಾವ ಇಲ್ಲವೆಂದು ತಲೆಯಾಡಿಸಿದರು.

ಅತ್ತೆ ಕಷ್ಟಪಟ್ಟು ಎದ್ದು ಒರಗಿ ಕೂತರು. ಒಂದು ಚಮಚ ಗಂಜಿ ತೆಗೆದು ಮಾವನ ಬಾಯಿಗಿಟ್ಟರು. ಅರ್ಧ ಅಂಗಿಯ ಮೇಲೆ ಚೆಲ್ಲಿತು.

“ಇನ್ನೊಂದ್ ಚೂರು ಹಾಕ್ಲೇನ್ರಿ?”

ಮಾವ ಅತ್ತೆಗೆ ಎರಡೂ ಕೈ ಮುಗಿದರು.

“ಸಾಕು,” ಎಂದರು. ಗಂಜಿ ಇನ್ನೂ ಬಾಯಲ್ಲೇ ಇತ್ತು, ಇಳಿದಿರಲಿಲ್ಲ.