ಇಟಗಿ ಕಂಬ, ಕುಷ್ಟಗಿ ಮನೆ

ನನ್ನಂಥ ಅಂಜುಬುರುಕನ ಕೆಲಸದಲ್ಲೇ ಇಂಥವು ಯಾಕೆ ಒಂದರ ಹಿಂದೊಂದು ನಡೆಯುತ್ತವೋ ಗೊತ್ತಿಲ್ಲ. ಧೈರ್ಯವಂತರ ಕೆಲಸದಲ್ಲೂ ನಡೆಯುತ್ತಿರಬಹುದು. ಅವರು ಬರೆದಿಡುವುದಿಲ್ಲ, ಅಷ್ಟೇ. ನಾನು ಹಿಂದೆಂದೂ ಬರೆದವನಲ್ಲ. ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಓದುವವರು ಬೇಸರ ಮಾಡಿಕೊಳ್ಳಬಾರದು.

ಅದು ನಿಜಾಮರ ಕಾಲ, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು. ನಾನು ಕುಷ್ಟಗಿಯ ಕಚೇರಿಯಲ್ಲಿ ನಕಾಶೆ ಬರೆಯುತ್ತಿದ್ದೆ. ನಕಾಶೆ ಎಂದರೆ ಹೊಲ, ದಾರಿ, ಬಾವಿಗಳದು, ಕಟ್ಟಡದ್ದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿನ ಕಾಳಿನ ವ್ಯಾಪಾರಿಯೊಬ್ಬರು ಹೈದರಾಬಾದಿಗೆ ಹೋಗಿಬಂದವರೇ ನನ್ನನ್ನು ಕರೆಸಿದರು. ಅವರನ್ನು ಎಲ್ಲರೂ ಸಾಹುಕಾರರೆಂದೇ ಕರೆಯುತ್ತಿದ್ದರು.

"ಮಾಸ್ತರ, ಅಲ್ಲಿ ಕೋರ್ಟು, ದವಾಖಾನಿ ಎಲ್ಲಾ ಹಳೇ ಕಾಲದ ಅರಮನಿ ಹಂಗ ಕಟ್ಯಾರ್ರಿ. ಗುಮ್ಮಟ ಏನು, ಕಮಾನು ಏನು! ಅಲ್ಲಿಯವ್ರು ಅಲ್ಲಿ ಹಳೇದನ್ನ ಎಬ್ಬಿಸ್ಯಾರ. ನಾವು ಇಲ್ಲಿ ಹಳೇದನ್ನ ಎಬ್ಬಿಸೂಣು. ನನ್ನ ಹೊಸಾ ಮನಿ ಮುಂಭಾಗ ಇಟಗಿ ಗುಡಿ ಹಂಗ ಆಗಬೇಕು."

ಇಟಗಿಯ ಗುಡಿ ಚಾಲುಕ್ಯರ ಕಾಲದ್ದು. ಅಂಥದನ್ನು ನಾನು ಎಬ್ಬಿಸುವುದೆಂದರೇನು? ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. "ಆಗಲಿರಿ" ಎಂದು ಬಂತು.

ಕಚೇರಿಯಲ್ಲಿ ಮೇಲಿನವರನ್ನು ಕೇಳಿದೆ. "ಕಚೇರಿ ಹೊತ್ತು ಬಿಟ್ಟು ಏನಾರ ಮಾಡ್ಕೋ. ಆದ್ರ ಒಂದು ತಕರಾರು ಬಂತೋ, ನಿನ್ನ ನೌಕರಿ ಹೋತು ಅಂತ ತಿಳ್ಕೋ" ಎಂದರು. ನನಗೆ ಹೆಂಡತಿ, ಮೂರು ಮಕ್ಕಳು. ಬೇರೆ ವಿದ್ಯೆ ಇಲ್ಲ. ಅಂದಿನಿಂದ ಯಾರಿಬ್ಬರು ನಿಂತು ಮಾತಾಡಿದರೂ ಅದು ನನ್ನ ಮೇಲಿನ ತಕರಾರೇ ಎಂದು ಮರೆಯಲ್ಲಿ ನಿಂತು ಕಿವಿಗೊಡುತ್ತಿದ್ದೆ.

೧. ಕಂಬಕ್ಕೆ ಸುತ್ತಿದ ದಾರ

ಇಟಗಿಯ ಕಂಬಗಳು ಬುಗುರಿಯಂತೆ ದುಂಡಗೆ, ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಅವುಗಳ ಸುತ್ತಳತೆಯನ್ನು ಕೋಲಿನಿಂದ ತೆಗೆಯಲಾಗುವುದಿಲ್ಲ. ದಾರ ಸುತ್ತಿ, ಗಂಟು ಹಾಕಿ, ಆ ದಾರವನ್ನು ಬಿಚ್ಚಿ ಅಳೆಯಬೇಕು. ನಾನು ಬೇವೂರಿನ ದಾರಿ ಹಿಡಿದು ಗಾಡಿಯಲ್ಲಿ ಇಟಗಿಗೆ ಹೋಗಿ, ತಪ್ಪಾದೀತೆಂದು ಒಂದೊಂದು ಉಂಗುರಕ್ಕೂ ಮೂರು ಮೂರು ಸಲ ದಾರ ಸುತ್ತುತ್ತಿದ್ದೆ. ದೂರದಿಂದ ನೋಡುತ್ತಿದ್ದ ಒಬ್ಬ ಹೆಣ್ಣುಮಗಳು ಹತ್ತಿರ ಬಂದಳು.

"ಯಾವ ಹರಕಿ ಯಪ್ಪಾ?"

"ಹರಕಿ ಅಲ್ಲವ್ವಾ, ಅಳತಿ."

"ಆತು ಬಿಡು, ಹೇಳಬ್ಯಾಡ. ಹೇಳಿದ್ರ ಫಲಾ ಸಿಗೂದಿಲ್ಲ" ಎಂದು ಹೋದಳು.

ಒಂದು ಅಳತೆಯ ಬಗ್ಗೆ ಅನುಮಾನ ಬಂದು ತಿಂಗಳ ನಂತರ ಮತ್ತೆ ಹೋದೆ. ನಾನು ಅಳೆದಿದ್ದ ಕಂಬ ಕಾಣಲೇ ಇಲ್ಲ. ಬುಡದಿಂದ ಆಳೆತ್ತರದವರೆಗೆ ಬರೀ ಅರಿಶಿನದ ದಾರ. ದಾರ ಸರಿಸಲು ಕೈ ಹಾಕಿದೆ. ಮುದುಕಿಯೊಬ್ಬಳು ಕೈಮೇಲೆ ಪಟ್ಟೆಂದು ಹೊಡೆದಳು.

"ಸರದಿ ಐತಿ, ಹಿಂದ ನಿಂದ್ರು!"

"ಈ ಕಂಬಕ್ಕ ಸುತ್ತಿದ್ರ ಏನಾಗ್ತೈತಿ ಯಮ್ಮಾ?" ಎಂದು ಅಂಜುತ್ತಲೇ ಕೇಳಿದೆ.

"ಮಕ್ಕಳ ಮದುವಿ ಆಗ್ತಾವಂತ. ಕುಷ್ಟಗಿಯಿಂದ ಯಾವನೋ ಪಾಪ, ಗಾಡಿ ಕಟಗೊಂಡು ಬಂದು, ಹೊತ್ತು ಮುಳುಗೂತನ ಅಳಕೋತ ಸುತ್ತಿದನಂತ."

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ನಾನು ಅತ್ತಿರಲಿಲ್ಲ. ಅದು ಬೆವರು.

೨. ನಾಲ್ಕು ದಿನದ ಬಿರುಕು

ಕಲ್ಲು ಕೆತ್ತುವ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ, ಕೈ ಬಹಳ ಶುದ್ಧ. ಬಾಗಿಲ ಮೇಲೆ ಎಂಟು ಸಿಂಹಗಳ ಸಾಲು ಬರಬೇಕಿತ್ತು. ನಾನು ಇಟಗಿಯಲ್ಲಿ ಒಂದು ಸಿಂಹವನ್ನು ನೋಡಿ, ಕಂಡದ್ದೆಲ್ಲವನ್ನೂ ಬಿಡದೆ ಬರೆದು ಕೊಟ್ಟಿದ್ದೆ. ಕೆಲಸ ಮುಗಿದ ದಿನ ಹೋಗಿ ನೋಡಿದರೆ ಎಂಟು ಸಿಂಹಗಳಿಗೂ ಮೂಗಿಲ್ಲ. ಎಂಟರ ಎಡಗಾಲೂ ಮುರಿದಿದೆ.

"ಮೇಸ್ತ್ರಿ, ಮೂಗು ಎಲ್ಲಿ?"

"ನೀವು ಬರದಿಲ್ಲಲ್ರಿ."

"ಅದು ಹಳೇ ಸಿಂಹರಿ! ಮೂಗು ಮುರದಿತ್ತು. ನಾನು ಇದ್ದಂಗ ಬರದಿದ್ದೆ."

"ನಾನೂ ಇದ್ದಂಗ ಕೆತ್ತೀನಿ" ಎಂದರು ಮೇಸ್ತ್ರಿ. ಆಮೇಲೆ ಕೊನೆಯ ಸಿಂಹದ ಬೆನ್ನು ಸವರುತ್ತ ಹೇಳಿದರು. "ಮೂಗಿಲ್ದಂಗ ಕೆತ್ತೂದು ಸಸಾರರಿ. ಈ ಬಿರುಕು ನೋಡ್ರಿ, ತಲಿಯಿಂದ ಬಾಲದ ತನಕ ಹೆಂಗ ಡೊಂಕಾಗಿ ಬಂದೈತಿ. ಇದೊಂದು ತರೂದ್ರಾಗ ಒಂದೊಂದು ಸಿಂಹಕ್ಕ ನಾಲ್ಕು ನಾಲ್ಕು ದಿನ ಹೋತು ನೋಡ್ರಿ."

ಸಾಹುಕಾರರು ಬಂದು ದಿಟ್ಟಿಸಿ ನೋಡಿದರು. ನನ್ನ ನೌಕರಿ ಇಲ್ಲಿಗೆ ಮುಗಿಯಿತೆಂದು ನಾನು ಕಂಬ ಹಿಡಿದು ನಿಂತೆ.

"ಛಲೋ ಆಗೈತಿ" ಎಂದರು ಸಾಹುಕಾರರು. "ಮೂಗಿದ್ದಿದ್ರ ಹೊಸಾವು ಅಂತ ಗೊತ್ತಾಗಿಬಿಡ್ತಿತ್ತು."

೩. ಸಾಹುಕಾರರಿಗೆ ಕಾಯಿ

ಮನೆಯವರು ಒಳಗೆ ಬಂದು ವಾಸ ಮಾಡತೊಡಗಿದ ಮೇಲೆ ಹೊಸ ಪೇಚು ಶುರುವಾಯಿತು. ಪರವೂರಿನವರು ಮುಂಭಾಗ ನೋಡಿದ ಕೂಡಲೇ ಚಪ್ಪಲಿ ಬಿಟ್ಟು ಒಳಗೆ ನುಗ್ಗುತ್ತಿದ್ದರು. ಬಾಗಿಲಿಗೆ ನೇರವಾಗಿ ಪಡಸಾಲೆ. ಪಡಸಾಲೆಯ ನಡುವೆ ಗಾದಿ. ಗಾದಿಯ ಮೇಲೆ ಲೋಡಿಗೆ ಒರಗಿ, ಗಂಧ ಹಚ್ಚಿಕೊಂಡು ಸಾಹುಕಾರರು. ಹೊರಗಿನ ಬಿಸಿಲಿನಿಂದ ಬಂದವರಿಗೆ ಒಳಗೆ ತಕ್ಷಣ ಕಣ್ಣು ಹೊಂದುವುದಿಲ್ಲ, ಅದು ಅವರ ತಪ್ಪಲ್ಲ. ಒಬ್ಬ ರೈತ ಕಾಯಿ ಮುಂದಿಟ್ಟು, ಉದ್ದಕ್ಕೆ ಮಲಗಿ ನಮಸ್ಕಾರ ಮಾಡಿ, "ಎತ್ತಿನ ಕಾಲು ನೆಟ್ಟಗ ಮಾಡಪ್ಪಾ" ಎಂದ.

"ಏಳೋ ಮಾರಾಯಾ, ನಾ ಮನುಷ್ಯಾ ಅದೀನಿ!"

ರೈತ ಬೆಚ್ಚಿ ಓಡಿಹೋದ. ಕಾಯಿ ಉಳಿಯಿತು. ಸಾಹುಕಾರರು ನನ್ನ ಕಡೆ ಕೆಂಗಣ್ಣು ಬೀರಿದರು. ಆಗ ಒಳಗಿನಿಂದ ಅವರ ತಾಯಿ ಬಂದರು. ಎಂಬತ್ತು ದಾಟಿದ ಗಟ್ಟಿ ಮುದುಕಿ. ನಾವೆಲ್ಲ ಆಯಿ ಎನ್ನುತ್ತಿದ್ದೆವು.

"ಮಾಸ್ತರ ಮ್ಯಾಲ್ಯಾಕ ಸಿಟ್ಟು ಮಾಡ್ತಿ? ಹಡದಾಗಿಂದ ನೋಡಾಕತ್ತೀನಿ, ನಿನಗ ಮನಸಾರೆ ಕೈ ಮುಗಿದಾವ ಅವನೇ ಮೊದಲನೇದಾವ" ಎಂದು ಕಾಯಿ ಎತ್ತಿಕೊಂಡು ಚಟ್ನಿ ಅರೆಯಲು ಹೋದರು.

೪. ಗುಡಿಯೋ ಮನೆಯೋ

ಕೊನೆಗೆ ನಾನು ಅಂಜಿದ್ದೇ ಆಯಿತು. ಯಾರೋ ಅರ್ಜಿ ಹಾಕಿದರು. ಹೊಸ ಗುಡಿ ಕಟ್ಟಲು ಆಗ ಸರಕಾರದ ಇಜಾಜತ್, ಅಂದರೆ ಅಪ್ಪಣೆ, ಬೇಕಿತ್ತು. ಸಾಹುಕಾರರು ಅಪ್ಪಣೆಯಿಲ್ಲದೆ ಗುಡಿ ಕಟ್ಟಿದ್ದಾರೆ, ನಕಾಶೆ ಬರೆದವನು ಕಚೇರಿಯ ನೌಕರನೇ, ಎಂದು ಅರ್ಜಿಯಲ್ಲಿತ್ತು. ತನಿಖೆಗೆ ಕಂದಾಯದ ಅಧಿಕಾರಿ ಗಿರ್ದಾವರ ಸಾಹೇಬರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಕಣ್ಣಾರೆ ಕಾಣದ್ದನ್ನು ಬರೆಯುವವರಲ್ಲ.

ಹೊರಗೆ ನಿಂತು ಎಣಿಸಿದರು. "ಕಂಬ ಗುಡೀದು. ಸಿಂಹ ಗುಡೀದು. ಬಾಗಿಲದ ಎರಡೂ ಕಡೆ ಗೋಡೆಯಾಗ ಮ್ಯಾಲೊಂದು ಕೆಳಗೊಂದು ಸಾಲು ದೇವರ ಗೂಡು. ಇದನ್ನ ಮನಿ, ಮಕಾನ್ ಅಂತ ಹೆಂಗ ಬರೀಲಿ?"

"ಗೂಡಿನ್ಯಾಗ ದೇವ್ರಿಲ್ರಿ ಸಾಹೇಬ್ರ" ಎಂದೆ.

"ಇವತ್ತಿಲ್ಲ. ನಾಳೆ ಇಟ್ರ?"

ಸಾಹುಕಾರರು ಒಳಗೆ ಕರೆದೊಯ್ದು ತಾವು ಮಲಗುವ ಹೊರಸು ತೋರಿಸಿದರು. "ಗುಡಿಯಾಗ ಪೂಜಾರಿ ಮಲಗೂದಿಲ್ಲೇನ್ರಿ?" ಎಂದರು ಗಿರ್ದಾವರರು. ಒಲೆ ತೋರಿಸಿದರು. "ಪ್ರಸಾದ ಎಲ್ಲಿ ಮಾಡ್ತಾರ?" ಮೊಮ್ಮಗನ ತೊಟ್ಟಿಲು ತೋರಿಸಿದರು. "ದೇವ್ರನ್ನೂ ತೊಟ್ಟಿಲದಾಗ ತೂಗ್ತಾರಲ್ಲ?" ನಾನು ಮನಸ್ಸಿನಲ್ಲೇ ಹೆಂಡತಿ ಮಕ್ಕಳನ್ನು ಮಾವನ ಮನೆಗೆ ಕಳಿಸಿಬಿಟ್ಟಿದ್ದೆ.

ಗಿರ್ದಾವರರು ಕಾಗದ ಮಡಚುತ್ತ ಹೊರಗೆ ಬಂದರು. ಬಂದವರು ಅಲ್ಲೇ ನಿಂತರು. ನಾವು ಒಳಗಿದ್ದ ಅಷ್ಟು ಹೊತ್ತಿನಲ್ಲಿ ಆಯಿ ಸೀರೆ ಮೇಲೆ ಕಟ್ಟಿ, ಬುಟ್ಟಿ ಸಗಣಿ ಇಟ್ಟುಕೊಂಡು, ಕೆಳಗಿನ ಸಾಲಿನ ಚಾಲುಕ್ಯರ ಗೂಡುಗಳಿಗೆಲ್ಲ ಒಂದೊಂದು ಕುಳ್ಳು, ಅಂದರೆ ಬೆರಣಿ, ತಟ್ಟಿ ಮುಗಿಸುತ್ತಿದ್ದರು.

"ಯವ್ವಾ! ಏನ್ ಮಾಡಿದಿ!" ಎಂದು ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು.

"ಏನ್ ಮಾಡ್ಲಿ? ಒಲಿಗೆ ಏನ್ ನಿನ್ನ ಸಿಂಹ ಹಾಕ್ಲೇನು? ಸರೀರಿ ಸಾಹೇಬ್ರ, ನಿಮ್ಮ ಕೋಟಿಗೆ ಸಿಡಿದೀತು."

ಗಿರ್ದಾವರರು ಎರಡು ಹೆಜ್ಜೆ ಸರಿದರು. ಮಡಚಿದ ಕಾಗದ ಬಿಚ್ಚಿದರು. "ಗುಡಿ ಗ್ವಾಡಿಗೆ ಯಾರೂ ಕುಳ್ಳು ತಟ್ಟೂದಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡು, ಕಂಬಕ್ಕೆ ಕಾಗದ ಒತ್ತಿ ಹಿಡಿದು 'ಮಕಾನ್' ಎಂದು ಬರೆದು ಸಹಿ ಹಾಕಿದರು. ಹೊರಡುವಾಗ ಸಾಹುಕಾರರಿಗೆ, "ನಮ್ಮ ಮ್ಯಾಲಿನವ್ರೂ ಬಂದು ನೋಡಬಹುದು. ಅಲ್ಲಿತನಕ ಒಂದೂ ಕೀಳಬ್ಯಾಡ್ರಿ" ಎಂದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ನೌಕರಿ ಉಳಿದಿತ್ತು. ಆಯಿ ಕೈ ತೊಳೆದುಕೊಂಡು ಹತ್ತಿರ ಬಂದರು.

"ಮಾಸ್ತರ, ನಿಮ್ಮನ್ನ ಎಲ್ಲಾರೂ ಬೈತಾರ. ನಾ ಬೈಯೂದಿಲ್ಲ. ಏನ್ ಛಲೋ ಅಳತಿ ಹಿಡದೀರಿ! ಒಂದ್ ಗೂಡಿಗೆ ಒಂದ್ ಕುಳ್ಳು, ಹೇಳಿ ಮಾಡಿಸಿದಂಗ ಕುಂತಾವು. ಮ್ಯಾಲಿನ ಸಾಲು ಮಾತ್ರ ನನಗ ಕೈ ನಿಲುಕೂದಿಲ್ಲ. ಮುಂದಿನ ಮನಿ ಕಟ್ಟೂವಾಗ ಒಂದೀಟು ಕೆಳಗ ಮಾಡ್ರಿ."