ಅಪ್ಪಗ ಅನ್ಯಭಾಷೆ ಬಂದದ್ದು

ದೇವರ ಮನ್ಯಾಗ ನಗಬಾರದು ಅಂತ ನಮಗ ಸಣ್ಣವರಿದ್ದಾಗಿನಿಂದ ಹೇಳಿಕೊಟ್ಟಾರ. ಆದ್ರ ನಗು ಹುಟ್ಟೋದೇ ಅಲ್ಲಿ ಅಂತ ಹೇಳಿಕೊಟ್ಟವರಿಗೆ ಗೊತ್ತಿರಲಿಲ್ಲ ಕಾಣಸ್ತದ. ಹೊರಗ ಎಂಥಾ ಫಜೀತಿ ಆದ್ರೂ ತುಟಿ ಬಿಗಿ ಹಿಡಿಬಹುದು. ಎಲ್ಲಾರೂ ಕಣ್ಣು ಮುಚ್ಚಿ ಕುಂತಾಗ ಒಬ್ಬರು ಸೀನಿದ್ರಂದ್ರ ಮುಗೀತು ಕಥಿ.

ನನ್ನ ಲಗ್ನದ ವರ್ಷ ಇಂಥವು ಒಂದರ ಬೆನ್ನಿಗೊಂದು ಆದವು. ಅದು ನಿಜಾಮ ಸಾಹೇಬರ ರಾಜ್ಯ. ನಮ್ಮದು ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸು. ಅಪ್ಪ ಪಾಯಿಂಟ್‌ಮನ್, ಅಂದ್ರ ಹಳಿ ಸರಿಸಿ ಗಾಡಿ ಒಂದು ಲೈನಿಂದ ಇನ್ನೊಂದು ಲೈನಿಗೆ ಹಾಕಾವ. ಊರ ಮಂದಿ ಗಾಡಿಗೆಲ್ಲಾ ಲೈನ್ ಬದಲಿ ಮಾಡಿಕೊಟ್ಟ ಮನುಷ್ಯ ಕಡೀಕ ತನ್ನ ಲೈನೂ ಬದಲಿ ಮಾಡ್ಕೊಂಡ. ಹಳೇ ಗುಡಿ ಬಿಟ್ಟು ಹೊಸಾ ಪ್ರಾರ್ಥನಾ ಮನಿಗೆ ಹೋದ. ಅದ್ರಾಗ ಸಿಗ್ನಲ್ ಸಿಗದೆ ನಿಂತದ್ದು ನನ್ನ ಲಗ್ನ.

೧. ಕಡೀ ತುತ್ತೂರಿ

ನಾವು ಮದಲ ಹೋಗ್ತಿದ್ದದ್ದು ಶಹಾಬಾದಿನ ದೊಡ್ಡ ಗುಡಿಗೆ. ಗುಡಿ ಅಂದ್ರ ನಮ್ಮ ಮಂದಿ ಬಾಯಾಗ ಚರ್ಚು. ಅಲ್ಲಿ ಪಾದ್ರಿ ಸಾಹೇಬ್ರು ಭಾಳ ಶಿಸ್ತಿನವ್ರು. ಕೆಮ್ಮು ಬಂದ್ರ ಹೊರಗ ಹೋಗಿ ಕೆಮ್ಮಿ ಬರ್ಬೇಕು. ಹಾಡು ಹಾಡೋದಂದ್ರ ಪುಸ್ತಕದಾಗ ಇದ್ದಷ್ಟೇ, ಒಂದು ಆಲಾಪ ಹೆಚ್ಚಿಲ್ಲ. ಪ್ರಾರ್ಥನಾ ಮಾಡೋರು ಅವರು, ಸುಮ್ಮನ ಕೂಡೋರು ನಾವು. ಫರ್ಸಿ ಕಲ್ಲು ಹಾಸಿದ ನೆಲ ಛಳಿಗಾಲದಾಗ ತಣ್ಣಗ ಕೊರೀತಿತ್ತು, ಆದ್ರೂ ಯಾರೂ ಮಿಸುಕಾಡ್ತಿರಲಿಲ್ಲ.

ತೊಂದರೆ ಏನಂದ್ರ, ವಾಡಿಯವರು ನಾವೆಲ್ಲಾ ಗಾಡ್ಯಾಗ ಹೋಗಿ ಗಾಡ್ಯಾಗ ಬರೋರು. ಪಾದ್ರಿ ಸಾಹೇಬ್ರ ಪ್ರಸಂಗ ಉದ್ದ, ಪ್ಯಾಸೆಂಜರ್ ಗಾಡಿಗೆ ಅಷ್ಟು ಪುರಸೊತ್ತಿಲ್ಲ. ಒಂದು ಐತಾರ ಅವರು ಕಣ್ಣು ಮುಚ್ಚಿ ಕಡೀ ಪ್ರಾರ್ಥನಾ ಮಾಡ್ಲಿಕತ್ತಾಗ ದೂರದಾಗ ಸೀಟಿ ಕೇಳ್ತು. ರೈಲ್ವೆ ಮಂದಿ ಎಲ್ಲಾ ಒಮ್ಮೆಗೇ ಎದ್ದಿವಿ. ಸಾಹೇಬ್ರು ಒಂದು ಕಣ್ಣು ತೆಗೆದು ನೋಡಿದ್ರು.

"ಏನ್ರಪಾ, ಲೋಕದ ಕಡೀ ತುತ್ತೂರಿ ಊದಿದಾಗೂ ಹಿಂಗೇ ದಡಬಡ ಏಳಾವ್ರೇನು ನೀವು?"

ಅಪ್ಪ ಅರ್ಧ ಬಾಗಲಿಗೆ ಹೋದಾವ ಕೈ ಮುಗಿದು ನಿಂತ.

"ಇಲ್ರಿ ಸಾಹೇಬ್ರ, ಅಂದು ಮದಲ ಯಾವ ಗಾಡಿ ಅಂತ ಕೇಳಿ ಏಳ್ತೀವಿ."

೨. ಕೊಟ್ಟವ್ರು ಯಾರು

ಹಿಂಗಿದ್ದಾಗ ತೆಲುಗು ಸೀಮಿಯಿಂದ ಒಬ್ಬ ಬೋಧಕರು ವಾಡಿಗೆ ಬಂದ್ರು. ಇವರಿಗೆ ಪಾದ್ರಿ ಅನ್ನಬಾರದಂತ, ಬ್ರದರ್ ಅನ್ಬೇಕಂತ. ಲೋಕೋ ಶೆಡ್ಡಿನ ಹಿಂದ ತಗಡಿನ ಚಪ್ಪರ ಹಾಕಿ ಪ್ರಾರ್ಥನಾ ಮನಿ ಮಾಡಿದ್ರು. ಅಲ್ಲಿ ಕೆಮ್ಮಬಹುದು, ಅಳಬಹುದು, ಚಪ್ಪಾಳಿ ಹೊಡಿಬಹುದು. ನಮ್ಮ ಕ್ವಾರ್ಟರ್ಸಿನ ಅರ್ಧ ಮಂದಿ ಅದಕ್ಕೇ ಹೋದ್ರು. ಅಪ್ಪ ಸೇಡಂ ಕಡಿ ತೆಲುಗು ಗಡಿಯಾಗ ಬೆಳೆದಾವ, ಹಂಗಾಗಿ ಬ್ರದರ್ರ ತೆಲುಗು ಮಾತು ಕನ್ನಡಕ್ಕ ತಿರುವಿ ಹೇಳೋ ದುಭಾಷಿ ಕೆಲಸ ಅವನ ಕೊರಳಿಗೆ ಬಿತ್ತು.

ಮದಲನೇ ದಿನವೇ ಬ್ರದರ್ರು ಕೇಳಿದ್ರು, "ನಿಮ್ಮೊಳಗ ಅನ್ಯಭಾಷೆ ಬಂದವ್ರು ಎಷ್ಟು ಮಂದಿ? ಎದ್ದು ನಿಲ್ರಿ."

ಅವರು ಕೇಳಿದ ಅನ್ಯಭಾಷೆ ಬ್ಯಾರೆ. ಪವಿತ್ರಾತ್ಮ ಮೈಮ್ಯಾಲೆ ಬಂದಾಗ ಬಾಯಿಂದ ಹೊಂಡೋ ಮಾತದು, ಈ ಲೋಕದ ಯಾವ ಭಾಷೆಯೂ ಅಲ್ಲ. ನಮ್ಮ ಮಂದಿಗೇನು ಗೊತ್ತು? ಅಂಗಡ್ಯಾಗ ಮರಾಠಿ, ಕಚೇರ್ಯಾಗ ಉರ್ದು, ಗಾರ್ಡನ ಜೋಡಿ ನಾಕು ಮಾತು ಇಂಗ್ಲಿಷು, ಬದುಕಿದ್ದೇ ಅನ್ಯಭಾಷೆ ಮ್ಯಾಲೆ. ಇಡೀ ಚಪ್ಪರ ಎದ್ದು ನಿಂತಿತು. ಬ್ರದರ್ರ ಕಣ್ಣಾಗ ನೀರೇ ಬಂತು. ಇಂಥಾ ಸಭಾ ತಾವು ಎಲ್ಲೂ ನೋಡಿಲ್ಲ ಅಂದ್ರು. ಮುಂದ ನಿಂತಿದ್ದ ಹಮಾಲನ ಹೆಗಲಿಗೆ ಕೈಯಿಟ್ಟು, "ನಿಂಗ ಇದು ಕೊಟ್ಟವ್ರು ಯಾರು? ಎಲ್ಲಾರಿಗೂ ಕೇಳೂವಂಗ ಹೇಳು" ಅಂದ್ರು.

ಹಮಾಲ ಗಂಟಲ ಬಿಚ್ಚಿ ಹೇಳಿದ, "ಅಮೀನ್!"

ನಿಜಾಮನ ರಾಜ್ಯದಾಗ ಪೊಲೀಸ್ ಠಾಣೇದ ಸಾಹೇಬಗ ಅಮೀನ್ ಅಂತಿದ್ರು. ಸಭಾಕ್ಕ ಅದು ಕೇಳಿದ್ದು ಬ್ಯಾರೆ. ಬಾಯಿ ಬಿಟ್ಟು ಕೂಗ್ಲಿಕ್ಕ ಸಿಕ್ಕ ಹೊಸಾ ಹುರುಪಿನಾಗ ಎಲ್ಲಾರೂ "ಆಮೇನ್! ಆಮೇನ್!" ಅಂತ ತಗಡು ಹಾರೂವಂಗ ಕೂಗಿದ್ರು. ಹಮಾಲ ಇನ್ನಷ್ಟು ಉಬ್ಬಿದ.

"ಹೌದ್ರಿ, ಅಮೀನ್ ಸಾಬನೇ ಕೊಟ್ಟ. ಒಂದು ಸಲ ಠಾಣೇದಾಗ ಕುಂದ್ರಿಸಿ ನಾಕು ಬಿಟ್ಟ ನೋಡ್ರಿ, ಅಂದಿನಿಂದ ಉರ್ದು ನೀರು ಕುಡಿದಂಗ ಬರ್ತದ!"

ಇದನ್ನ ತೆಲುಗಿಗೆ ತಿರುವೋ ಪಾಳಿ ಅಪ್ಪಂದು. ಪಾಪ, ಅಂವ ಬ್ರದರ್ರಿಗೆ ಇಷ್ಟೇ ಹೇಳಿದ, "ಭಾಳ ಕಷ್ಟ ಪಟ್ಟು ಪಡಕೊಂಡಾನಂತ್ರಿ."

೩. ಗುಂಟೂರ ಕಡಿದು

ಬ್ರದರ್ರು ಒಂದು ಮಾತು ಹೇಳೋದು, ಅಪ್ಪ ಅದನ್ನ ಕನ್ನಡದಾಗ ಹೇಳೋದು. ಎತ್ತಿನ ಜೋಡಿ ಹಂಗ ಚಂದ ನಡೀತಿತ್ತು. ಒಂದು ದಿನ ಪ್ರಸಂಗದ ನಡುವೆ ಬ್ರದರ್ರ ಕಣ್ಣು ಮುಚ್ಚಿದವು, ಧ್ವನಿ ಏರ್ತು, ಅನ್ಯಭಾಷೆ ಶುರುವಾತು. ಅಪ್ಪ ಬಾಯಿ ತೆಗೆದ, ಮುಚ್ಚಿದ, ಮತ್ತ ತೆಗೆದ. ಮಂದಿ ಅವನ ಮಾರಿ ನೋಡ್ಲಿಕತ್ರು.

ಮುಂದ ಕುಂತಿದ್ದ ಮುದುಕಿಗೆ ತಡೀಲಿಲ್ಲ. "ಯಾಕಲೇ ಸುಮ್ಮಗಾದಿ? ಒಳ್ಳೇ ಮಾತು ಬಂದಾಗೇ ನುಂಗ್ತಿಯಲ್ಲೋ! ಏನಂತಾರ ಹೇಳು!"

ಅಪ್ಪ ಬೆವರು ಒರಸ್ಕೊಂಡು ಹೇಳಿದ, "ಆಯಿ, ಇದು ನಮ್ಮ ಸೇಡಂ ತೆಲುಗು ಅಲ್ಲ. ಗುಂಟೂರ ಕಡಿದು ಇದ್ದಂಗದ."

ಎಲ್ಲಾರೂ ನಕ್ರು. ಅಪ್ಪ ನಗಲಿಲ್ಲ. ಮನಿಗೆ ಬಂದು ಹಿತ್ತಲದಾಗ ಒಬ್ಬನೇ ಕುಂತ. ನಾ ಚಾ ಒಯ್ದು ಕೊಟ್ರ, "ಮಗಳ, ಎಲ್ಲಾರ ಮಾತೂ ನನ್ನ ಬಾಯಾಗ ಹಾದು ಹೋಗ್ತಾವ. ದೇವರು ನಂಗಂತ ಒಂದು ಮಾತೂ ಕೊಟ್ಟಿಲ್ಲ ನೋಡು" ಅಂದ. ಮರುದಿನ ಅಂವ ಹರಕಿ ಹೊತ್ತ. ಅನ್ಯಭಾಷೆ ಬರೋತನಕ ದೊಡ್ಡ ಗುಡಿ ಮೆಟ್ಟಲ ಹತ್ತಂಗಿಲ್ಲ ಅಂತ.

ನನ್ನ ಲಗ್ನ ಗೊತ್ತಾಗಿದ್ದು ಶಹಾಬಾದಿನ ಕಲ್ಲಿನ ಖಣಿ ಮೇಸ್ತ್ರಿ ಮಗನ ಜೋಡಿ. ಅವರು ದೊಡ್ಡ ಗುಡಿಯವರು. ಲಗ್ನ ಅಲ್ಲೇ ಆಗ್ಬೇಕು, ಹುಡುಗಿ ಕೈ ಅಪ್ಪನೇ ಹಿಡಿದು ತಂದು ಒಪ್ಪಿಸ್ಬೇಕು ಅನ್ನೋದು ಅವರ ಒಂದೇ ಕರಾರು. ಹುಡುಗ ನಂಗ ಮನಸಿಗೆ ಬಂದಿದ್ದ, ಈಗ್ಯಾಕ ಮುಚ್ಚಿಡ್ಲಿ. ನಾನೂ ಮಣಕಾಲೂರಿ ಬೇಡಿಕೊಂಡೆ. ದೇವರೇ, ಅಪ್ಪಗ ಯಾವ ಭಾಷೆ ಆದ್ರೂ ಕೊಡು, ಜಲ್ದಿ ಕೊಡು.

೪. ಮೂರು ಮದ್ದು

ಪ್ರಾರ್ಥನಾ ಮನ್ಯಾಗಿನ ಒಬ್ಬಾಕಿ ಅಪ್ಪಗ ಉಪಾಯ ಹೇಳಿಕೊಟ್ಳು. "ಅಣ್ಣಾ, ಸ್ತೋತ್ರ ಸ್ತೋತ್ರ ಅಂತ ಜಲ್ದಿ ಜಲ್ದಿ ಅನ್ಕೋತ ಇರು. ನಾಲಗಿ ಸಡಲ ಆತಂದ್ರ ಮುಂದಿಂದು ತಾನೇ ಬರ್ತದ."

ಅಪ್ಪ ಡ್ಯೂಟಿ ಮ್ಯಾಲೂ ಶುರು ಹಚ್ಚಿದ. ಕೈಯಾಗ ಹಸಿರು ಝಂಡಾ, ಬಾಯಾಗ "ಸ್ತೋತ್ರಸ್ತೋತ್ರತೋತ್ರತೋ." ಗೇಟಿನ ಸಾಬಣ್ಣ ಅಪ್ಪನ ಜೀವದ ದೋಸ್ತ. ಅಂವ ಇದನ್ನ ನೋಡಿ ಗಾಬರಿಯಾಗಿ ಓಡಿ ಬಂದ. "ಭಾಬಿ, ನಿಮ್ಮ ಮನ್ಯಾವ್ರಿಗೆ ಜಿನ್ನು ಹತ್ಯದ" ಅಂದವನೇ ದರ್ಗಾದಿಂದ ಮಂತ್ರಿಸಿದ ನೀರು ತಂದು ಕುಡಿಸಿದ. ಬಾಜೂ ಮನಿ ಲಿಂಗವಂತರ ಆಯಿ ಕೇಳಿ ಸುಮ್ಮನಿರ್ತಾಳೇನು? ಮಠದ ಅಯ್ಯನವರ ಪಾದೋದಕ ತಂದಳು, ಹಣಿಗೆ ವಿಭೂತಿ ಬಳದಳು. ನಮ್ಮವ್ವ, "ಇದು ಜಿನ್ನೂ ಅಲ್ಲ ದೆವ್ವೂ ಅಲ್ಲ, ಪಿತ್ತ" ಅಂತ ಶುಂಠಿ ಕಷಾಯ ಹಾಕಿದಳು.

ಎಲ್ಲಾರದೂ ಪ್ರೀತಿನೇ. ಯಾರಿಗೆ ಬ್ಯಾಡ ಅನ್ನೋದು? ಅಪ್ಪ ಮೂರೂ ಕುಡಿದ.

ಅದೇ ಹೊತ್ತಿಗೆ ಶಹಾಬಾದಿನಿಂದ ನನ್ನ ಅತ್ತಿ ಆಗಾಕಿ ಬಂದು ಕುಂತಿದ್ದಳು. "ಬೀಗ್ರ, ನಿಮ್ಮ ಅನ್ಯಭಾಷೆ ದಾರಿ ನೋಡಿ ನೋಡಿ ಸಾಕಾತು. ಚಿಂಚೋಳಿ ಕಡಿಂದ ನಮ್ಮ ಹುಡುಗಗ ಇನ್ನೊಂದು ಸಂಬಂಧ ಕೇಳ್ಲಿಕ್ಕ ಬಂದಾರ. ಬರೋ ಐತಾರ ದೊಡ್ಡ ಗುಡ್ಯಾಗ ನಿಂತು ಹೂಂ ಅನ್ರಿ, ಇಲ್ಲಂದ್ರ ನಮ್ಮ ದಾರಿ ನಮಗ. ಈಗರ ಏನರ ಬಂತೇನು?"

ಅಪ್ಪ ಉತ್ತರ ಕೊಡ್ಲಿಕ್ಕ ಬಾಯಿ ತೆಗೆದ. ದರ್ಗಾ, ಮಠ, ಶುಂಠಿ ಮೂರೂ ಕೂಡಿ ಒಂದು ತೇಗು ಬಂತು ನೋಡ್ರಿ, ಹಿತ್ತಲದಾಗಿನ ಕೋಳಿ ಹಾರಿದವು.

ಅತ್ತಿ ಸೆರಗು ಝಾಡಿಸಿ ಎದ್ದಳು. "ಇದು ನಮ್ಮ ಕಡಿನೂ ಬರ್ತದ್ರಿ" ಅಂದಳು.

೫. ಅರ್ಥ ಹೇಳಾಕಿ

ಆ ಐತಾರ ಬಂದೇ ಬಂತು. ಶಹಾಬಾದಿನ ಗಾಡಿ ಮಧ್ಯಾಹ್ನಕ್ಕ. ಅಪ್ಪ ಮುಂಜಾನೆದ್ದು ಪ್ರಾರ್ಥನಾ ಮನಿಗೆ ಹೋದಾವ ತಿರುಗಿ ಬರಲಿಲ್ಲ. ಅವ್ವ ಅಲ್ಲಿತನಕ ಆ ಚಪ್ಪರದ ಕಡಿ ತಲಿ ಹಾಕಿ ಮಲಗಿದಾಕಿ ಅಲ್ಲ. ಅಂದು ನನ್ನ ಕೈ ಹಿಡಿದು ದರದರ ಎಳಕೊಂಡು ಹೋದಳು. "ಇಂದು ಅವ್ರನ್ನ ಎಬ್ಬಿಸ್ತೀನಿ, ಇಲ್ಲಾ ಚಪ್ಪರ ಎಬ್ಬಿಸ್ತೀನಿ."

ನಾವು ಬಾಗಲಿಗೆ ಬಂದಾಗ ಬ್ರದರ್ರು, ಮನಿ ಬಿಟ್ಟು ಹೋದ ಮಗನ ದಾರಿ ನೋಡ್ಕೋತ ನಿಂತ ತಂದಿ ಕಥಿ ಹೇಳ್ಲಿಕತ್ತಿದ್ರು. ಅಪ್ಪ ಕನ್ನಡದಾಗ ಹೇಳ್ಲಿಕತ್ತಿದ್ದ. "ಆ ತಂದಿ ದಾರಿ ಮ್ಯಾಲೆ ಕಣ್ಣಿಟ್ಟು..." ಅಂದಾವ ನನ್ನ ನೋಡಿದ. ಅದೇ ಮಾತು ಇನ್ನೊಮ್ಮೆ ಅಂದು ನೋಡಿದ, ಆಗಲಿಲ್ಲ. ಮಣಕಾಲೂರಿ ಕುಸಿದುಬಿಟ್ಟ. ಆಮ್ಯಾಲ ಬಂದವು ನೋಡ್ರಿ ಮಾತು! ಕನ್ನಡ ಅಲ್ಲ, ತೆಲುಗು ಅಲ್ಲ, ಉರ್ದು ಅಲ್ಲ. ಅಳು ಯಾವುದು ಮಾತು ಯಾವುದು ತಿಳೀವಲ್ದು. ನಾನೂ ಅತ್ತೆ.

ಬ್ರದರ್ರ ಆನಂದ ಏನು ಕೇಳ್ತೀರಿ. ಅಷ್ಟೊತ್ತಿಗೆ ಅವರಿಗೂ ನಮ್ಮ ಮಾತು ಮುರುಕು ಮುರುಕಾಗಿ ಬರ್ತಿತ್ತು. "ಬಂತು! ಬಂತು! ಇನ್ನ ಇವ್ರು ಪೂರಾ ನಮ್ಮವ್ರು. ಹಳೇ ಗುಡಿ ಋಣ ಇವತ್ತಿಗೆ ಹರೀತು" ಅಂದ್ರು. ಬರಲಿಲ್ಲಂತ ನಿಂತ ಲಗ್ನ, ಬಂದದ್ದಕ್ಕ ಮುರೀಲಿಕತ್ತಿತ್ತು.

ಆದ್ರ ಅವರೊಳಗ ಒಂದು ಕಟ್ಟಳಿ ಇತ್ತು. ಸಭಾದಾಗ ಅನ್ಯಭಾಷೆ ಬಂತಂದ್ರ ಅದರ ಅರ್ಥ ಒಬ್ಬರು ಹೇಳಲೇಬೇಕು. ಬ್ರದರ್ರು ಸುತ್ತ ನೋಡಿದ್ರು. "ಅರ್ಥ ಯಾರು ಹೇಳ್ತೀರಿ?" ಯಾರು ಹೇಳ್ಬೇಕು? ಇದ್ದೊಬ್ಬ ದುಭಾಷಿ ನೆಲದ ಮ್ಯಾಲೆ ಬಿದ್ದಿದ್ದ.

"ನಾ ಹೇಳ್ತೀನ್ರಿ" ಅಂತ ಬಾಗಲದಾಗಿನಿಂದ ಧ್ವನಿ ಬಂತು. ಅವ್ವ ಸೆರಗು ತಲಿ ಮ್ಯಾಲೆ ಎಳಕೊಂಡು ಮುಂದ ನಡದಳು.

ಬ್ರದರ್ರು ಕೇಳಿದ್ರು, "ಅಮ್ಮಾ, ನಿಮಗ ಅರ್ಥ ಹೇಳೋ ವರ ಯಾವಾಗ ಬಂತು?"

"ಲಗ್ನ ಆದಾಗ ಬಂತ್ರಿ" ಅಂದಳು. "ಬಾಯಾಗ ಎಲಿ ಅಡಿಕಿ ಇಟ್ಕೊಂಡು ಮಾತಾಡಿದ್ರ, ನಿದ್ದ್ಯಾಗ ಬಡಬಡಿಸಿದ್ರ, ಸಿಟ್ಟಿಗೆದ್ದು ಹಲ್ಲು ಕಡದ್ರ, ಇವ್ರ ಮಾತಿಗೆ ಇಷ್ಟು ವರ್ಷ ಅರ್ಥ ಹಚ್ಚಿದಾಕಿ ನಾನೇ. ಇದೇನು ಮಹಾ?"

ಆಮ್ಯಾಲ ಕಣ್ಣು ಮುಚ್ಚಿ, ದೊಡ್ಡ ಗುಡಿ ಪಾದ್ರಿ ಸಾಹೇಬ್ರ ಗತ್ತಿನಾಗೇ ಶುರು ಮಾಡಿದಳು.

"ದೇವರಂತಾನ, ನನ ಮಗನ, ನೀ ಕೇಳಿದ್ದು ನಿಂಗ ಕೊಟ್ಟೀನಿ."

"ಆಮೇನ್!" ಅಂದ್ರು ಮಂದಿ.

"ಇನ್ನ ಏಳು, ಮಣಕಾಲು ಹಿಡ್ಕೋತಾವ."

"ಆಮೇನ್!"

"ನಾ ಈ ತಗಡಿನ ಕೆಳಗೂ ಇರ್ತೀನಿ, ಆ ಫರ್ಸಿ ಮ್ಯಾಲೂ ಇರ್ತೀನಿ. ಒಂದೇ ಕಡಿ ಡ್ಯೂಟಿ ಮಾಡ್ಲಿಕ್ಕ ನಾ ಏನು ರೈಲ್ವೆ ನೌಕರನೇನು?"

ರೈಲ್ವೆ ಮಂದಿ ಆಮೇನ್ ಹೊಡೆದ್ರು ನೋಡ್ರಿ, ಕೇಳಬ್ಯಾಡ್ರಿ.

"ಮಗಳ ಕೈ ಹಿಡಿದು ಶಹಾಬಾದಿನ ಗುಡ್ಯಾಗ ಒಪ್ಪಿಸಿ ಬಾ. ಬ್ರದರ್ರೂ ಲಗ್ನಕ್ಕ ಬಂದು ಎರಡು ಹೋಳಿಗಿ ಉಂಡು ಹರಸಿ ಹೋಗ್ಲಿ. ಗಾಡಿ ಹೊತ್ತಾತು."

ಬ್ರದರ್ರು ಅವ್ವನ ಮಾರಿ ನೋಡಿದ್ರು, ನನ್ನ ಕಣ್ಣೀರು ನೋಡಿದ್ರು, ಕುಣೀಲಿಕತ್ತ ಸಭಾ ನೋಡಿದ್ರು. ದೊಡ್ಡ ಮನಸಿನವ್ರು. ಸಣ್ಣಗ ನಕ್ಕು, "ಆಮೇನ್" ಅಂದ್ರು.

ಅಪ್ಪನ ಎಬ್ಬಿಸ್ಕೊಂಡು ಸ್ಟೇಷನ್ನಿಗೆ ಹೊಂಟಿವಿ. ಅವ್ವ ಮುಂದ ಮುಂದ ಬಿರಬಿರ ನಡೀಲಿಕತ್ತಿದ್ದಳು. ಅಪ್ಪನ ಮಾರಿ ಮಳಿ ನಿಂತ ಮ್ಯಾಲಿನ ಬಯಲ ಹಂಗ ತೊಳದಿತ್ತು. ನಾ ಸಣ್ಣ ಧ್ವನಿಲೆ ಕೇಳಿದೆ, "ಅಪ್ಪಾ, ಅವ್ವ ಹೇಳಿದ ಅರ್ಥ ಖರೇ ಏನು?"

ಅಪ್ಪ ಅವ್ವನ ಬೆನ್ನು ಒಮ್ಮೆ ನೋಡಿ, ನನ್ನ ಕಿವಿ ಕಡಿ ಬಗ್ಗಿದ.

"ನಂಗೇನು ಗೊತ್ತು ಮಗಳ? ಪವಿತ್ರಾತ್ಮನೇ ಬಾಯಿ ಮುಚ್ಕೊಂಡು ಕೇಳ್ಕೋತ ಕುಂತಿದ್ದ, ನಡುವೆ ನಾ ಯಾಕ ಬಾಯಿ ಹಾಕ್ಲಿ?"